ಬಿಸಿಲಿಗೆ ಮೊಡವೆ ಒಣಗ್ತಾವಾ, ಮೇಡಂ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸಿಂಧನೂರಿನವನು, 25 ವರ್ಷ. ಬೀಜ-ಗೊಬ್ಬರದ ಕಂಪನಿಯಲ್ಲಿ ಫೀಲ್ಡ್ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಬೈಕ್ ಹತ್ತಿದರೆ ಮಸ್ಕಿ, ಮಾನ್ವಿ, ಸಿರುಗುಪ್ಪ ಕಡೆಯ ಹಳ್ಳಿ ಸುತ್ತಿ ಮನೆ ಮುಟ್ಟುವುದು ಸಂಜೆ ಆರಕ್ಕೆ. ಪಿಯುಸಿಯಿಂದಲೂ ಮೊಡವೆ ಇದೆ, ಈ ಕೆಲಸಕ್ಕೆ ಸೇರಿದ ಮೇಲೆ ಹೆಚ್ಚಾಗಿದೆ. ನಮ್ಮ ಸೋದರಮಾವ, "ಬಿಸಿಲಿಗೆ ಮಾರಿ ಒಡ್ಡಲೇ, ಗುಳ್ಳಿ ತಾವ ಒಣಗ್ತಾವ, ವಿಟಮಿನ್ನೂ ಸಿಗ್ತದ" ಅಂತಾರೆ. ಹೋದ ವರ್ಷ ಮಾರ್ಚಿಯಲ್ಲಿ ಟೋಪಿ, ಟವೆಲ್ ಏನೂ ಇಲ್ಲದೆ ಓಡಾಡಿದೆ. ಹದಿನೈದು ದಿನದಲ್ಲಿ ನಿಜವಾಗಿಯೂ ಕಮ್ಮಿ ಆದವು. ಮೇ ಹೊತ್ತಿಗೆ ದುಪ್ಪಟ್ಟು ಬಂದವು. ಈ ವರ್ಷ ಸಂಕ್ರಾಂತಿ ಆದ ಮೇಲೆ ಒಬ್ಬ ಡಾಕ್ಟರ್ ಡಾಕ್ಸಿಸೈಕ್ಲಿನ್ ಮಾತ್ರೆ, ರಾತ್ರಿ ಹಚ್ಚಲು ಅಡಾಪಲಿನ್ ಜೆಲ್ ಬರೆದುಕೊಟ್ಟರು. ಎರಡನೇ ವಾರಕ್ಕೆ ಮೂಗು, ಕೆನ್ನೆ, ಅಂಗೈ ಹಿಂದುಗಡೆ ಸುಟ್ಟು ಉರಿಯತೊಡಗಿತು. ಔಷಧ ಒಗ್ಗಲಿಲ್ಲ ಅಂತ ಎರಡನ್ನೂ ಬಿಟ್ಟೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ನಾಲ್ಕೇ ದಿನಕ್ಕೆ ಮುಖ ಸ್ವಚ್ಛವಾಯಿತು. ಹಚ್ಚಲು ಶುರು ಮಾಡಿ ಈಗ ಎರಡು ತಿಂಗಳು. ಒಂದು ದಿನ ಬಿಟ್ಟರೂ ಸಣ್ಣ ಸಣ್ಣ ಕೆಂಪು ಗುಳ್ಳೆ ಏಳುತ್ತವೆ, ಬಿಸಿಲಿಗೆ ಹೋದರೆ ಮುಖ ಕೆಂಪಾಗಿ ಚುರುಗುಟ್ಟುತ್ತದೆ. ಸನ್‌ಸ್ಕ್ರೀನ್ ಹಚ್ಚಿದರೆ ಬೆವರಿನ ಜೊತೆ ಬೆಳ್ಳಗೆ ಇಳಿಯುತ್ತದೆ, ಅದರಿಂದಲೇ ಮೊಡವೆ ಅಂತ ಗೆಳೆಯರು ಹೇಳುತ್ತಾರೆ. ಹಳೆಯ ಮೊಡವೆ ಕಲೆಗಳು ಕಪ್ಪಾಗುತ್ತಲೇ ಇವೆ, ಅಮ್ಮ ನಿಂಬೆರಸ ತಿಕ್ಕು ಅಂತಾರೆ. ಆಷಾಢ ಕಳೆದ ಮೇಲೆ ಹೆಣ್ಣು ನೋಡಲು ಹೋಗುವ ಮಾತು ನಡೆದಿದೆ. ಬಿಸಿಲು ಬಿಡಿ ಅಂದರೆ ಕೆಲಸವೇ ಬಿಡಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೊಡವೆ ಒಣಗಿಸಿದ್ದೂ ಬಿಸಿಲು, ದುಪ್ಪಟ್ಟು ಮಾಡಿದ್ದೂ ಬಿಸಿಲು, ಮಾತ್ರೆ ಬಿಡಿಸಿದ್ದೂ ಬಿಸಿಲು. ಗೊಂದಲ ಆಗದೆ ಇನ್ನೇನು? ಮೂರು ತೊಂದರೆಗಳು ಒಂದರ ಮೇಲೊಂದು ಕೂತುಬಿಟ್ಟಿವೆ: ಮೊದಲಿನಿಂದ ಇದ್ದ ಮೊಡವೆ, ಮಾತ್ರೆ ನುಂಗಿ ಬಿಸಿಲಿಗೆ ಹೋದದ್ದಕ್ಕೆ ಆದ ಸುಡುವಿಕೆ, ಟ್ಯೂಬಿನಿಂದ ಬಂದ ಹೊಸ ಕಾಯಿಲೆ. ಮಾವನವರ ಮಾತಿಗೆ ಆಮೇಲೆ ಬರುತ್ತೇನೆ. ತುರ್ತಾಗಿ ನೋಡಬೇಕಾದದ್ದು ಆ ಟ್ಯೂಬು.

ಅದರ ಹೆಸರು ನೀವು ಬರೆದಿಲ್ಲ. ಬರೆಯದಿದ್ದರೂ ನಾಲ್ಕು ದಿನದಲ್ಲಿ ಮುಖ ಸ್ವಚ್ಛವಾಯಿತು, ಬಿಟ್ಟರೆ ಗುಳ್ಳೆ ಏಳುತ್ತವೆ, ಬಿಸಿಲಿಗೆ ಉರಿಯುತ್ತದೆ ಅಂದಾಗಲೇ ಅದರಲ್ಲಿ ಸ್ಟಿರಾಯ್ಡ್ ಇರಬೇಕು ಅನ್ನಿಸಿತು. ಟ್ಯೂಬನ್ನು ತಿರುಗಿಸಿ, ಸಣ್ಣಕ್ಷರದಲ್ಲಿ ಮುದ್ರಿಸಿದ್ದನ್ನು ಓದಿ. ಬೀಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್, ಫ್ಲುಸಿನೊಲೋನ್ - ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟಿರಾಯ್ಡ್. ಸಾಮಾನ್ಯವಾಗಿ ಒಂದು ಆ್ಯಂಟಿಬಯೋಟಿಕ್, ಒಂದು ಫಂಗಸ್ ಔಷಧ ಕೂಡಿಸಿ ಮಾರುತ್ತಾರೆ. ನಮ್ಮ ಕಡೆ ಅದನ್ನು ಗಜಕರ್ಣಕ್ಕೂ ಕೊಡುತ್ತಾರೆ, ಮೊಡವೆಗೂ ಕೊಡುತ್ತಾರೆ, ಬಣ್ಣ ಬರಲಿ ಅಂತಲೂ ಕೊಡುತ್ತಾರೆ. ಕ್ರೀಮಿನ ರೂಪದ ಸ್ಟಿರಾಯ್ಡ್‌ಗಳನ್ನೂ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಕೌಂಟರಿನಲ್ಲಿ ಆ ನಿಯಮ ಎಷ್ಟು ನಡೆಯುತ್ತಿದೆ ಅನ್ನುವುದು ನಿಮಗೇ ಗೊತ್ತಾಗಿದೆ.

ಸ್ಟಿರಾಯ್ಡ್ ಮೊಡವೆಯನ್ನು ವಾಸಿ ಮಾಡುವುದಿಲ್ಲ. ಕೆಂಪು, ಊತ ಎರಡನ್ನೂ ಅದುಮಿ ಇಡುತ್ತದೆ, ಅದಕ್ಕೇ ನಾಲ್ಕು ದಿನದ ಪವಾಡ. ವಾರಗಟ್ಟಲೆ ಹಚ್ಚಿದಾಗ ಮುಖದ ಚರ್ಮ ತೆಳುವಾಗುತ್ತದೆ, ಕೆನ್ನೆಯ ಮೇಲೆ ಎಳೆ ಎಳೆಯಾಗಿ ರಕ್ತನಾಳ ಕಾಣತೊಡಗುತ್ತವೆ, ಎಲ್ಲವೂ ಒಂದೇ ಅಳತೆಯ ಸಣ್ಣ ಕೆಂಪು ಗುಳ್ಳೆಗಳು ಏಳುತ್ತವೆ. ಮೊಡವೆಯಲ್ಲಿ ಹಾಗಿರುವುದಿಲ್ಲ, ಒಂದು ಬ್ಲ್ಯಾಕ್‌ಹೆಡ್, ಒಂದು ಕೀವಿನ ಗುಳ್ಳೆ, ಒಂದು ಒಳಗಿನ ಗಂಟು ಹೀಗೆ ಬೆರಕೆ ಇರುತ್ತದೆ. ಬಿಸಿಲು ತಾಗಿದರೆ ಚುರುಗುಟ್ಟುವುದು, ಒಲೆಯ ಮುಂದೆ ನಿಂತರೂ ಮುಖ ಕೆಂಪೇರುವುದು ಸ್ಟಿರಾಯ್ಡಿನಿಂದ ಬರುವ ಕಾಯಿಲೆಯ ಗುರುತು. ಅಂದರೆ ಈಗ ನೀವು ಪಡುತ್ತಿರುವ ಬಿಸಿಲಿನ ಕಾಟದಲ್ಲಿ ದೊಡ್ಡ ಪಾಲು ಟ್ಯೂಬಿನದು.

ನಾಳೆಯೇ ಕಸದ ಬುಟ್ಟಿಗೆ ಹಾಕಿ ಸುಮ್ಮನಾಗಬೇಡಿ. ಎರಡು ತಿಂಗಳು ಹಚ್ಚಿದ್ದನ್ನು ಥಟ್ಟನೆ ಬಿಟ್ಟರೆ ಕೆಲವೇ ದಿನದಲ್ಲಿ ಮುಖ ಇಡೀ ಕೆಂಪಾಗಿ, ಉರಿದು, ಗುಳ್ಳೆ ಕಿಕ್ಕಿರಿಯಬಹುದು. ಹೆಚ್ಚಿನವರು ಸೋಲುವುದು ಆಗಲೇ: "ಟ್ಯೂಬ್ ಇದ್ದಾಗಲೇ ಚೆನ್ನಾಗಿತ್ತು" ಅಂತ ಮತ್ತೆ ಹಚ್ಚುತ್ತಾರೆ. ಕೆಲವರಿಗೆ ಒಮ್ಮೆಲೇ ನಿಲ್ಲಿಸಿ, ಕೆಲವರಿಗೆ ಕಡಿಮೆ ಶಕ್ತಿಯ ಸ್ಟಿರಾಯ್ಡಿಗೆ ಇಳಿಸಿ ಆಮೇಲೆ ನಿಲ್ಲಿಸುತ್ತೇವೆ. ನಡುವಿನ ಉರಿಗೆ ಬೇರೆ ಔಷಧ ಕೊಡುತ್ತೇವೆ. ಯಾವುದು ನಿಮಗೆ ಅನ್ನುವುದನ್ನು ಮುಖ ನೋಡಿಯೇ ಹೇಳಬೇಕು. ಈ ವಾರದೊಳಗೆ ಚರ್ಮರೋಗ ತಜ್ಞರನ್ನು ಕಾಣಿ. ಖಾಸಗಿ ಫೀಸು ಭಾರ ಅನ್ನಿಸಿದರೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ.

ಇನ್ನು ಮಾವನವರ ಮಾತು. ಅದನ್ನು ಪೂರ್ತಿ ಸುಳ್ಳು ಅನ್ನಲಾರೆ. ಹದಿನೈದು ದಿನ ಬಿಸಿಲಿಗೆ ಬಿದ್ದಾಗ ಮೊಡವೆ ಕಡಿಮೆಯಾದಂತೆ ಕಾಣುವುದಕ್ಕೆ ಕಾರಣಗಳಿವೆ. ಮುಖದ ಬಣ್ಣ ಒಂದು ಸುತ್ತು ಕಂದಿತು, ಅದರೊಳಗೆ ಮೊಡವೆಯ ಕೆಂಪು ಅಡಗಿತು. ಬಿಸಿಗಾಳಿಗೆ ಮೇಲ್ಮೈ ಒಣಗಿತು. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ (ಅತಿನೇರಳೆ) ಕಿರಣಗಳು ಚರ್ಮದ ರೋಗನಿರೋಧಕ ಚಟುವಟಿಕೆಯನ್ನು ಕೆಲ ಕಾಲ ತಗ್ಗಿಸುತ್ತವೆ, ಹಾಗಾಗಿ ಊತವೂ ಇಳಿಯಿತು. ಇನ್ನೊಂದು ಇದೆ. ಮೊಡವೆಯೊಳಗೆ ಬೆಳೆಯುವ ಕ್ಯುಟಿಬ್ಯಾಕ್ಟೀರಿಯಂ ಆಕ್ನಿಸ್ ಅನ್ನುವ ಬ್ಯಾಕ್ಟೀರಿಯಾ ಪೋರ್ಫಿರಿನ್ ಎಂಬ ವಸ್ತುವನ್ನು ಮಾಡಿಕೊಳ್ಳುತ್ತದೆ. ನೀಲಿ ಬೆಳಕು ಬಿದ್ದರೆ ಅದೇ ವಸ್ತು ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಕ್ಲಿನಿಕ್ಕುಗಳಲ್ಲಿ ಮೊಡವೆಗೆ ಕೊಡುವ ನೀಲಿ ಬೆಳಕಿನ ಚಿಕಿತ್ಸೆ ಇದರ ಮೇಲೆಯೇ ನಿಂತಿದೆ. ಅಲ್ಲಿ ಬಳಸುವುದು ಸುಮಾರು 415 ನ್ಯಾನೋಮೀಟರ್ ತರಂಗಾಂತರದ ಬೆಳಕು, ಅದರಲ್ಲಿ ಯುವಿ ಇರುವುದಿಲ್ಲ. ಮಸ್ಕಿ ರಸ್ತೆಯ ಮಧ್ಯಾಹ್ನದ ಬಿಸಿಲಿನಲ್ಲಿ ನೀಲಿ ಬೆಳಕಿನ ಜೊತೆ ಯುವಿ, ಕಾವು, ಬೆವರು, ಧೂಳು ಎಲ್ಲವೂ ಸೇರಿ ಬರುತ್ತವೆ.

ಮೇ ತಿಂಗಳ ದುಪ್ಪಟ್ಟು ಎಲ್ಲಿಂದ ಬಂತು ಅಂದರೆ, ಮಾರ್ಚಿಯಿಂದಲೇ. ಕೂದಲ ಬುಡದ ರಂಧ್ರದ ಬಾಯಲ್ಲಿ ಸತ್ತ ಜೀವಕೋಶ, ಜಿಡ್ಡು ಕಟ್ಟಿಕೊಂಡು ಮೊಡವೆ ಶುರುವಾಗುತ್ತದೆ. ಅದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಲು ವಾರಗಳೇ ಬೇಕು, ಕೆಲವೊಮ್ಮೆ ಎರಡು ತಿಂಗಳು. ಬಿಸಿಲು ಬಿದ್ದಾಗ ಚರ್ಮ ತನ್ನ ರಕ್ಷಣೆಗೆ ಮೇಲ್ಪದರವನ್ನು ದಪ್ಪ ಮಾಡಿಕೊಳ್ಳುತ್ತದೆ, ರಂಧ್ರದ ಬಾಯಿ ಇನ್ನಷ್ಟು ಕಿರಿದಾಗುತ್ತದೆ. ನಮ್ಮ ಮುಖದ ಜಿಡ್ಡಿನಲ್ಲಿ ಸ್ಕ್ವಾಲೀನ್ ಅನ್ನುವ ಎಣ್ಣೆಯಂಶವಿದೆ. ಬಿಸಿಲಿಗಿಟ್ಟ ಕುಸುಬಿ ಎಣ್ಣೆ ಕಮಟು ಹಿಡಿಯುವಂತೆ, ಯುವಿ ತಾಗಿದರೆ ಅದೂ ಕೆಡುತ್ತದೆ. ಕೆಟ್ಟ ಸ್ಕ್ವಾಲೀನ್ ರಂಧ್ರವನ್ನು ಕೆರಳಿಸಿ ಮುಚ್ಚಿಸುತ್ತದೆ. ಬಿಸಿಲೊಂದೇ ಮೊಡವೆ ತರುತ್ತದೆ ಅಂತಲ್ಲ. ಹಾರ್ಮೋನು, ಅನುವಂಶ, ಜಿಡ್ಡು ಮೊದಲೇ ಇರಬೇಕು. ಇದ್ದವರಿಗೆ ಬಿಸಿಲು ಮೊದಲ ಹದಿನೈದು ದಿನ ಮರೆಮಾಚಿ, ಎರಡು ತಿಂಗಳ ಮೇಲೆ ಲೆಕ್ಕ ಚುಕ್ತಾ ಮಾಡುತ್ತದೆ.

"ಹೊಲದಾಗ ದುಡಿಯೋರಿಗೆ ಎಲ್ಲಿ ಮೊಡವಿ ಅದಾವ್ರಿ?" ಅನ್ನುವ ವಾದವೂ ನನ್ನ ಮುಂದೆ ಆಗಾಗ ಬರುತ್ತದೆ. ಹಾಗೆ ಕೇಳುವವರು ತೋರಿಸುವುದು ಐವತ್ತು ದಾಟಿದವರನ್ನು. ಆ ವಯಸ್ಸಿಗೆ ಮೊಡವೆ ತಾನಾಗಿಯೇ ಕಡಿಮೆಯಾಗಿರುತ್ತದೆ. ಅವರ ಕಣ್ಣಿನ ಅಕ್ಕಪಕ್ಕ, ಕೆನ್ನೆಯ ಮೂಳೆಯ ಮೇಲೆ ಸ್ವಲ್ಪ ಹತ್ತಿರದಿಂದ ನೋಡಿ. ಸಾಸಿವೆ ಗಾತ್ರದ ಕರಿ ಚುಕ್ಕೆಗಳ ಗುಂಪು, ಸುತ್ತ ಹಳದಿ ಬಣ್ಣಕ್ಕೆ ತಿರುಗಿ ಗೆರೆಗೆರೆಯಾದ ದಪ್ಪ ಚರ್ಮ ಎಷ್ಟೋ ಜನರಲ್ಲಿ ಕಾಣುತ್ತದೆ. ಅವು ಬ್ಲ್ಯಾಕ್‌ಹೆಡ್‌ಗಳೇ, ಹತ್ತಾರು ವರ್ಷದ ಬಿಸಿಲು ತಂದವು. ಬೀಡಿ ಸೇದುವವರಲ್ಲಿ ಇನ್ನೂ ಹೆಚ್ಚು. ಕಾಲುನೋವಿಗೆ ಅಂತ ಆಸ್ಪತ್ರೆಗೆ ಬಂದ ರೈತರ ಮುಖದಲ್ಲಿ ಇದನ್ನು ನೋಡುತ್ತಲೇ ಇರುತ್ತೇನೆ. ಅವರಿಗೆ ಅದು ತೊಂದರೆ ಅಂತಲೇ ಅನ್ನಿಸಿರುವುದಿಲ್ಲ.

ವಿಟಮಿನ್ ಡಿ ಬಗ್ಗೆ ಎರಡೇ ಮಾತು. ಅದು ತಯಾರಾಗುವುದು ಯುವಿ-ಬಿ ಕಿರಣದಿಂದ, ಸೂರ್ಯ ಮೇಲೇರಿದಾಗ. ಮುಂಜಾನೆಯ ಎಳೆಬಿಸಿಲಿನಲ್ಲಿ ಅದು ತೀರಾ ಕಡಿಮೆ. ದಿನವಿಡೀ ತೋಳು ಬಿಟ್ಟು ಬೈಕ್ ಓಡಿಸುವ ನೀವು ಮುಖವನ್ನು ಬೇರೆಯಾಗಿ ಸುಡಿಸಿಕೊಳ್ಳಬೇಕಾಗಿಲ್ಲ. ಅನುಮಾನವಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಔಷಧ ತೆಗೆದುಕೊಂಡರಾಯಿತು.

ಕಪ್ಪು ಕಲೆಯ ವಿಷಯದಲ್ಲಿ ಮಾತ್ರ ಬಿಸಿಲಿನ ಪರವಾಗಿ ಹೇಳಲು ನನ್ನ ಬಳಿ ಏನೂ ಇಲ್ಲ. ನಮ್ಮಂಥ ಗೋಧಿ-ಕಂದು ಬಣ್ಣದ ಚರ್ಮದಲ್ಲಿ ಎಲ್ಲಿ ಊತವಾಯಿತೋ ಅಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚು ಉತ್ಪತ್ತಿಯಾಗಿ ಕಲೆ ಉಳಿಯುತ್ತದೆ. ಮೇಲ್ಪದರದಲ್ಲಿ ಉಳಿದದ್ದು ಕಂದು ಬಣ್ಣಕ್ಕಿರುತ್ತದೆ, ಬಿಸಿಲು ತಾಗದಿದ್ದರೆ ಕೆಲ ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಕೆಳಪದರಕ್ಕೆ ಇಳಿದದ್ದು ಬೂದಿ-ನೀಲಿ ಬಣ್ಣಕ್ಕೆ ತಿರುಗಿ ವರ್ಷಗಟ್ಟಲೆ ಕಾಡಬಹುದು. ಯುವಿ ಅಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮ ಬಣ್ಣದ ಚರ್ಮದಲ್ಲಿ ಕಲೆಯನ್ನು ಗಾಢ ಮಾಡುತ್ತದೆ. ಬ್ಯಾಕ್ಟೀರಿಯಾ ಕೊಂದ ಆ ನೀಲಿ ಬೆಳಕೇ ಇಲ್ಲಿ ಎದುರಾಳಿ. ಹಾಗಾಗಿ ಕಲೆಗೆ ಎಷ್ಟು ದುಬಾರಿ ಕ್ರೀಮ್ ಹಚ್ಚಿದರೂ ಹಗಲು ರಕ್ಷಣೆ ಇಲ್ಲದಿದ್ದರೆ ದುಡ್ಡು ದಂಡ.

ನಿಂಬೆರಸವನ್ನು ಅಮ್ಮನವರಿಗೆ ಬೇಸರವಾಗದಂತೆ ತಪ್ಪಿಸಿ. ನಿಂಬೆಜಾತಿಯ ಹಣ್ಣಿನ ರಸ, ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟು, ರಸ ಹರಿದ ದಾರಿಯಲ್ಲೇ ಕಂದು ಪಟ್ಟೆ ಮೂಡುತ್ತದೆ. ಬೇಸಿಗೆಯಲ್ಲಿ ಶರಬತ್ತಿಗೆ ನಿಂಬೆ ಹಿಂಡಿ ಕೈ ತೊಳೆಯದೆ ಬಿಸಿಲಲ್ಲಿ ನಿಂತವರ ಬೆರಳಿನ ಮೇಲೂ ಇಂಥ ಕಲೆ ಬೀಳುತ್ತದೆ. ಬ್ಯೂಟಿ ಪಾರ್ಲರಿನ ಬ್ಲೀಚ್, ಟ್ಯಾನ್ ತೆಗೆಯುವ ಫೇಶಿಯಲ್ ಕೂಡ ಈಗ ಬೇಡವೇ ಬೇಡ. ಸ್ಟಿರಾಯ್ಡಿನಿಂದ ತೆಳುವಾದ ಚರ್ಮ ಅದನ್ನು ತಡೆಯುವುದಿಲ್ಲ.

ಈಗ ಡಾಕ್ಸಿಸೈಕ್ಲಿನ್. ಅದು ಆ್ಯಂಟಿಬಯೋಟಿಕ್ ಮಾತ್ರೆ. ಅದು ಒಗ್ಗಲಿಲ್ಲ ಅಂತ ನೀವು ತಿಳಿದುಕೊಂಡಿದ್ದೀರಿ. ನಡೆದದ್ದು ಅಲರ್ಜಿ ಅಲ್ಲ ಅಂತ ನನ್ನ ಅಂದಾಜು. ಮೂಗು, ಕೆನ್ನೆ, ಅಂಗೈ ಹಿಂದುಗಡೆ - ಬೈಕ್ ಓಡಿಸುವಾಗ ಬಿಸಿಲಿಗೆ ತೆರೆದಿರುವ ಜಾಗಗಳು ಇವೇ. ಈ ಮಾತ್ರೆ ಚರ್ಮದಲ್ಲಿದ್ದಾಗ ಯುವಿ-ಎ ಕಿರಣವನ್ನು ಹೀರಿಕೊಂಡು ಅಲ್ಲೇ ಜೀವಕೋಶಗಳನ್ನು ಸುಡುತ್ತದೆ. ಡೋಸ್ ಹೆಚ್ಚಿದಷ್ಟೂ, ಬಿಸಿಲು ಹೆಚ್ಚಿದಷ್ಟೂ ಸುಡುವುದು ಹೆಚ್ಚು. ಕೆಲವರಿಗೆ ಉಗುರು ಕೂಡ ತುದಿಯಿಂದ ಎದ್ದು ಬರುತ್ತದೆ. ರಾತ್ರಿ ನುಂಗಿದರೆ ಆಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸ್ವಲ್ಪ ಅನುಕೂಲವಾಗಬಹುದು. ಆದರೆ ಈ ಮಾತ್ರೆಯ ಅರ್ಧದಷ್ಟು ದೇಹದಿಂದ ಹೋಗಲು ಸುಮಾರು 18 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ್ದು ಮರುದಿನ ಮಧ್ಯಾಹ್ನಕ್ಕೂ ಮೈಯಲ್ಲೇ ಇರುತ್ತದೆ. ನಿಮ್ಮ ವೈದ್ಯರ ಔಷಧ ತಪ್ಪಲ್ಲ, ಮೊಡವೆಗೆ ಮೊದಲು ಬರೆಯುವ ಮಾತ್ರೆಗಳಲ್ಲಿ ಅದೂ ಒಂದು. ಬಹುಶಃ ನಿಮ್ಮ ಕೆಲಸ ಏನು ಅಂತ ಅವರು ಕೇಳಲಿಲ್ಲ, ನೀವೂ ಹೇಳಲಿಲ್ಲ. ಈ ಭಾಗದಲ್ಲಿ ಮೊಡವೆಗೆ ಔಷಧ ಬರೆಯುವ ಮೊದಲು "ದಿನಾ ಎಷ್ಟೊತ್ತು ಬಿಸಿಲಲ್ಲಿರ್ತೀರಿ?" ಅಂತ ಕೇಳದಿದ್ದರೆ ಅರ್ಧ ಔಷಧ ವ್ಯರ್ಥ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಡಾಪಲಿನ್ ಜೆಲ್ ಮೇಲೆ ಸಿಟ್ಟಾಗಬೇಡಿ. ಅದು ರಂಧ್ರದ ಬಾಯಿ ಬಿಡಿಸುವ ಔಷಧ. ಮೊದಲ ಕೆಲ ವಾರ ಚರ್ಮ ಒಣಗಿ, ಸಿಪ್ಪೆ ಎದ್ದು, ಬಿಸಿಲಿಗೆ ಸೂಕ್ಷ್ಮವಾಗುತ್ತದೆ. ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು, ಮೊದಮೊದಲು ದಿನ ಬಿಟ್ಟು ದಿನ ಹಚ್ಚಿದರೆ ಹೆಚ್ಚಿನವರಿಗೆ ಹೊಂದಿಕೊಳ್ಳುತ್ತದೆ. ಆದರೆ ಈಗಿನ ನಿಮ್ಮ ಚರ್ಮಕ್ಕೆ ಅದೂ ಉರಿಯುತ್ತದೆ, ಸ್ವಲ್ಪ ತಡೆಯಿರಿ.

ಹಾಗಾದರೆ ದಾರಿ ಏನೇನಿದೆ? ಟ್ಯೂಬ್ ಬಿಡಿಸುವ ಎರಡು-ಮೂರು ವಾರ ಚರ್ಮ ಸುಧಾರಿಸಿಕೊಳ್ಳಲಿ: ಮೃದುವಾದ ಫೇಸ್‌ವಾಶ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ವೈದ್ಯರು ಉರಿಗೆ ಕೊಟ್ಟದ್ದು. ಆಮೇಲೆ ನಿಮ್ಮಂಥ ಬಿಸಿಲಿನ ಕೆಲಸದವರಿಗೆ ನಾನು ಮೊದಲು ಯೋಚಿಸುವುದು ಅಜೆಲಾಯಿಕ್ ಆ್ಯಸಿಡ್ ಅನ್ನುವ ಹಚ್ಚುವ ಔಷಧ. ಮೊಡವೆ, ಕಲೆ ಎರಡಕ್ಕೂ ಕೆಲಸ ಮಾಡುತ್ತದೆ, ಬಿಸಿಲಿಗೆ ಚರ್ಮವನ್ನು ಸೂಕ್ಷ್ಮ ಮಾಡುವುದಿಲ್ಲ. ಹಚ್ಚಿದ ಹೊಸತರಲ್ಲಿ ಚುಚ್ಚುತ್ತದೆ, ತುರಿಸುತ್ತದೆ. ಫಲ ಕಾಣಲು ಎರಡು-ಮೂರು ತಿಂಗಳು ಬೇಕು, ಬೇಗ ಫಲ ಬೇಕೆನ್ನುವವರಿಗೆ ಇದು ಹಿಡಿಸುವುದಿಲ್ಲ. ಜೊತೆಗೆ ಶೇಕಡಾ 2.5ರ ಬೆನ್ಜಾಯಿಲ್ ಪೆರಾಕ್ಸೈಡ್ ಬರೆಯಬಹುದು. ಬ್ಯಾಕ್ಟೀರಿಯಾ ಇದಕ್ಕೆ ಪಳಗುವುದಿಲ್ಲ. ಒಣಗಿಸುತ್ತದೆ, ಮತ್ತೆ ಬಟ್ಟೆಯ ಬಣ್ಣ ತಿನ್ನುತ್ತದೆ: ದಿಂಬಿನ ಕವರ್, ಟವೆಲ್ ಬಿಳಿಯದಿರಲಿ.

ಮಾತ್ರೆಯೇ ಬೇಕು ಅನ್ನುವಷ್ಟು ಮೊಡವೆ ಇದ್ದರೆ ಡಾಕ್ಸಿಸೈಕ್ಲಿನ್ ಅನ್ನು ನಿಮಗೆ ಮತ್ತೆ ಕೊಡಲು ನನಗೆ ಮನಸ್ಸಿಲ್ಲ, ಬೇಸಿಗೆಯಲ್ಲಂತೂ ಇಲ್ಲ. ಅದೇ ಗುಂಪಿನ ಮಿನೊಸೈಕ್ಲಿನ್ ಬಿಸಿಲಿಗೆ ಅಷ್ಟಾಗಿ ಸುಡುವುದಿಲ್ಲ, ಆದರೆ ಕೆಲವರಿಗೆ ತಲೆ ಸುತ್ತು ಬರುತ್ತದೆ. ದಿನಾ ಬೈಕಿನ ಮೇಲಿರುವವರಿಗೆ ಅದು ಸಣ್ಣ ಮಾತಲ್ಲ. ಬಹಳ ದಿನ ತೆಗೆದುಕೊಂಡರೆ ಚರ್ಮದಲ್ಲಿ ನೀಲಿ-ಕಪ್ಪು ಛಾಯೆ ಕೂರುವುದೂ ಉಂಟು. ಅಜಿಥ್ರೋಮೈಸಿನ್ ಬಿಸಿಲಿಗೆ ತೊಂದರೆ ಕೊಡುವುದಿಲ್ಲ ಅಂತ ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ. ಗಂಟಲು, ಎದೆಯ ಸೋಂಕಿಗೆ ಬೇಕಾಗುವ ಔಷಧವನ್ನು ಮೊಡವೆಗೆ ತಿಂಗಳುಗಟ್ಟಲೆ ಸುರಿದರೆ ನಾಳೆ ಅದು ಯಾವುದಕ್ಕೂ ಕೆಲಸ ಮಾಡದ ಭಯ ನನಗಿದೆ. ಯಾವ ಆ್ಯಂಟಿಬಯೋಟಿಕ್ ಆದರೂ ಮೂರು-ನಾಲ್ಕು ತಿಂಗಳು ದಾಟಬಾರದು, ಹಚ್ಚುವ ಔಷಧ ಜೊತೆಗಿಲ್ಲದೆ ಅದೊಂದನ್ನೇ ಕೊಡಲೂಬಾರದು.

ಒಳಗೆ ನೋಯುವ ಗಂಟುಗಳಿದ್ದರೆ, ಗುಳಿ ಬೀಳುತ್ತಿದ್ದರೆ, ಐಸೊಟ್ರೆಟಿನಾಯಿನ್ ಕ್ಯಾಪ್ಸೂಲ್ ಇದೆ. ಮೊಡವೆಯ ಬುಡಕ್ಕೇ ಕೈ ಹಾಕುವ ಔಷಧ ಸದ್ಯಕ್ಕೆ ಅದೊಂದೇ. ಜಿಡ್ಡಿನ ಗ್ರಂಥಿಯನ್ನೇ ಕುಗ್ಗಿಸುತ್ತದೆ. ತುಟಿ ಒಡೆಯುತ್ತದೆ, ಮೂಗು-ಕಣ್ಣು ಒಣಗುತ್ತವೆ, ಚರ್ಮ ಬಿಸಿಲಿಗೆ ಬೇಗ ಕೆಂಪಾಗುತ್ತದೆ. ಲಿವರ್, ರಕ್ತದ ಕೊಬ್ಬು ಪರೀಕ್ಷೆ ಮಾಡಿಸಬೇಕು, ಮನಸ್ಸು ಕುಗ್ಗುತ್ತಿದೆ ಅನ್ನಿಸಿದರೆ ಮುಚ್ಚಿಡದೆ ಹೇಳಬೇಕು. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಜೊತೆ ಇದನ್ನು ತೆಗೆದುಕೊಳ್ಳಲೇಬಾರದು, ಮೆದುಳಿನ ಒತ್ತಡ ಏರುವ ಅಪಾಯವಿದೆ. ಔಷಧ ನಡೆಯುವಾಗ ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ರಕ್ತದಾನ ಮಾಡುವ ಹಾಗಿಲ್ಲ. ಈ ಉತ್ತರ ಓದುತ್ತಿರುವ ಹೆಣ್ಣುಮಕ್ಕಳಿಗೆ ಹೇಳಬೇಕಾದದ್ದು: ಇದನ್ನು ತೆಗೆದುಕೊಳ್ಳುವಾಗ, ಬಿಟ್ಟ ಒಂದು ತಿಂಗಳವರೆಗೂ ಗರ್ಭ ನಿಲ್ಲಲೇಬಾರದು, ಮಗುವಿಗೆ ಗಂಭೀರ ಅಂಗವೈಕಲ್ಯ ಬರುವ ಅಪಾಯ ಬಹಳ ಹೆಚ್ಚು. ಅಣ್ಣನಿಗೆ ಬರೆದ ಪಟ್ಟಿಯಿಂದ ತಂಗಿ ನುಂಗುವ ಔಷಧ ಇದಲ್ಲ.

ಕೆಲಸ ಬಿಡೋಕಾಗಲ್ಲ ಅಂದಿರಿ. ಬಿಡುವುದೂ ಬೇಡ, ವೇಳೆಯನ್ನು ಅತ್ತಿತ್ತ ಮಾಡಲು ಆಗುತ್ತದಾ ನೋಡಿ. ನಿಮ್ಮ ರೈತರು ಬೆಳಿಗ್ಗೆ ಆರಕ್ಕೇ ಹೊಲದಲ್ಲಿರುತ್ತಾರೆ, ಹನ್ನೊಂದಕ್ಕೆಲ್ಲ ಗಿಡದ ನೆರಳು ಹಿಡಿದಿರುತ್ತಾರೆ. ಹೊಲದ ಭೇಟಿ ಬೆಳಗಿನಲ್ಲಿ ಮುಗಿಸಿ, ಗಂಜ್‌ನ ಅಂಗಡಿ, ಡೀಲರು, ಲೆಕ್ಕದ ಕೆಲಸವನ್ನು ಹನ್ನೊಂದರಿಂದ ಮೂರೂವರೆವರೆಗೆ ಇಟ್ಟುಕೊಂಡರೆ ಯುವಿಯ ದೊಡ್ಡ ಪಾಲು ತಪ್ಪುತ್ತದೆ. ಗಡಿಯಾರಕ್ಕಿಂತ ನೆರಳು ನೋಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಅಂತ ಅರ್ಥ. ಸಿಂಧನೂರಿನಲ್ಲಿ ಮೇ ಮೊದಲ ವಾರ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ಬರುತ್ತಾನೆ. ಮಳೆಗಾಲ ಅಂತ ಆ ತಿಂಗಳು ಎಲ್ಲರೂ ಮೈಮರೆಯುತ್ತಾರೆ. ತೆಳುಮೋಡ ಕಾವನ್ನು ತಡೆದೀತು, ಯುವಿಯನ್ನು ಅಷ್ಟಾಗಿ ತಡೆಯುವುದಿಲ್ಲ. ನೀವು ಹೆಣ್ಣು ನೋಡಲು ಹೊರಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ಹೆಲ್ಮೆಟ್ ಹಾಕಿ, ಗಾಜು ಇಳಿಸಿ. ಒಳ್ಳೆಯ ಹೆಲ್ಮೆಟ್ಟಿನ ಪಾಲಿಕಾರ್ಬೊನೇಟ್ ಮುಂಗಾಜು ಯುವಿಯನ್ನು ಬಹುಪಾಲು ತಡೆಯುತ್ತದೆ. ಕಾರಿನ ಪಕ್ಕದ ಕಿಟಕಿಯ ಮಾಮೂಲಿ ಗಾಜು ಹಾಗಲ್ಲ, ಅದರಲ್ಲಿ ಯುವಿ-ಎ ಒಳಗೆ ನುಗ್ಗುತ್ತದೆ. ಹೆಲ್ಮೆಟ್ಟಿನ ಒಳಮೆತ್ತೆ, ಗದ್ದದ ಪಟ್ಟಿ ಬೆವರು-ಜಿಡ್ಡು ಕುಡಿದು ಉಜ್ಜುತ್ತವೆ, ಹಣೆ-ಗದ್ದದ ಅಂಚಿನ ಮೊಡವೆಗೆ ಅದೂ ಕಾರಣ. ವಾರಕ್ಕೊಮ್ಮೆ ತೊಳೆಯಿರಿ, ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡು ದಿನಾ ಬದಲಿಸಿ. ಮುಖಕ್ಕೆ ಸುತ್ತುವ ಬಿಳಿ ತೆಳು ಟವೆಲ್ ಮೇಲೆ ಹೆಚ್ಚು ಭರವಸೆ ಬೇಡ. ತೆಳು ಬಿಳಿ ಹತ್ತಿ ಬಟ್ಟೆಯಲ್ಲಿ ಯುವಿ ಸಾಕಷ್ಟು ತೂರುತ್ತದೆ, ಬೆವರಿಗೆ ಒದ್ದೆಯಾದರೆ ಇನ್ನೂ ಹೆಚ್ಚು. ಗಾಢ ಬಣ್ಣದ, ಒತ್ತಾಗಿ ನೇಯ್ದ ಬಟ್ಟೆ ಮೇಲು. ಇಳಿದ ಮೇಲೆ ಹೊಲದಲ್ಲಿ ಅಗಲ ಅಂಚಿನ ಟೋಪಿ. ಕ್ರಿಕೆಟ್ ಕ್ಯಾಪ್ ಕೆನ್ನೆ, ಕಿವಿ ಮುಚ್ಚುವುದಿಲ್ಲ.

ಸನ್‌ಸ್ಕ್ರೀನಿನಿಂದ ಮೊಡವೆ ಬರುತ್ತದೆ ಅನ್ನುವ ಗೆಳೆಯರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಗಟ್ಟಿ ಎಣ್ಣೆಯ ಕ್ರೀಮ್ ಹಚ್ಚಿ, ಅದರ ಮೇಲೆ ಧೂಳು ಕೂಡಿಸಿ, ರಾತ್ರಿ ತೊಳೆಯದೆ ಮಲಗಿದರೆ ಬಂದೇ ಬರುತ್ತದೆ. ಜೆಲ್ ಅಥವಾ ನೀರಿನಂಥ ಲೋಶನ್ ತೆಗೆದುಕೊಳ್ಳಿ. ಡಬ್ಬಿಯ ಮೇಲೆ ಎಸ್‌ಪಿಎಫ್ 30 ಅಥವಾ 50 (ಯುವಿ-ಬಿ ತಡೆಯುವ ಅಳತೆ), ಪಿಎ (ಯುವಿ-ಎ ತಡೆಯುವ ಅಳತೆ) ಪಕ್ಕ ಮೂರು ಅಥವಾ ನಾಲ್ಕು ಪ್ಲಸ್ ಚಿಹ್ನೆ, "ನಾನ್-ಕಾಮಿಡೋಜೆನಿಕ್" (ರಂಧ್ರ ಮುಚ್ಚದ್ದು) ಅಂತ ಇರಲಿ. ಎಸ್‌ಪಿಎಫ್ 30 ಸುಮಾರು ಶೇಕಡಾ 97ರಷ್ಟು ಯುವಿ-ಬಿ ತಡೆಯುತ್ತದೆ, 50 ಶೇಕಡಾ 98ರಷ್ಟು. ನೂರು ಅಂತ ಬರೆದದ್ದಕ್ಕೆ ಇಮ್ಮಡಿ ದುಡ್ಡು ಕೊಡಬೇಡಿ. ಈ ಲೆಕ್ಕ ಪೂರ್ತಿ ಪ್ರಮಾಣ ಹಚ್ಚಿದಾಗಿನದು: ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಮುಖ-ಕುತ್ತಿಗೆಗೆ ಸರಿ. ಜನ ಸಾಮಾನ್ಯವಾಗಿ ಹಚ್ಚುವುದು ಅದರ ಕಾಲುಭಾಗದಿಂದ ಅರ್ಧ. ಬೆಳ್ಳಗೆ ಇಳಿಯುವುದು ಜಿಂಕ್, ಟೈಟಾನಿಯಂ ಹೆಚ್ಚಿರುವ ಕ್ರೀಮಿನ ಗುಣ. ಕಲೆ ಇರುವ ನಿಮಗೆ ಚರ್ಮದ ಬಣ್ಣದ್ದೇ ಛಾಯೆಯಿರುವ, ಐರನ್ ಆಕ್ಸೈಡ್ ಹಾಕಿದ ಸನ್‌ಸ್ಕ್ರೀನ್ ಎರಡು ರೀತಿಯಲ್ಲಿ ಒಳ್ಳೆಯದು. ಬೆಳ್ಳಗೆ ಕಾಣುವುದಿಲ್ಲ, ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಗಂಡಸರಿಗ್ಯಾಕೆ ಬಣ್ಣದ ಕ್ರೀಮು ಅಂತ ಯಾರಾದರೂ ನಕ್ಕರೆ ನಗಲಿ ಬಿಡಿ. ಎರಡು-ಮೂರು ಗಂಟೆಗೊಮ್ಮೆ ಬೆವರನ್ನು ಒತ್ತಿ ಒರೆಸಿ ಮತ್ತೆ ಹಚ್ಚಬೇಕು, ಉಜ್ಜಬಾರದು. ಸಂಜೆ ಮನೆ ಸೇರಿದ ಕೂಡಲೇ ತೊಳೆಯಿರಿ. ದಿನಕ್ಕೆ ಐದಾರು ಸಲ ಸೋಪು ತಿಕ್ಕುವವರಿದ್ದಾರೆ, ಅದೂ ಮೊಡವೆ ಹೆಚ್ಚಿಸುತ್ತದೆ. ಎರಡು ಸಲ ಸಾಕು, ನಡುವೆ ಬರೀ ನೀರು.

ಮಿರ್ಚಿ, ಮಂಡಾಳು ಒಗ್ಗರಣೆ ಬಿಡಬೇಕಾ ಅಂತ ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ. ಖಾರಕ್ಕೂ ಮೊಡವೆಗೂ ನೇರ ನಂಟಿಲ್ಲ. ಊರೂರಿಗೆ ಕುಡಿಯುವ ಸಕ್ಕರೆ ಚಹಾ, ಜಿಮ್ಮಿನ ವ್ಹೇ ಪ್ರೋಟೀನ್ ಪುಡಿ, ಹಣೆಗೆ ಇಳಿಯುವ ತಲೆಯೆಣ್ಣೆ, ಇವುಗಳ ಮೇಲೆ ಕಣ್ಣಿಡಿ. ಹಣೆ, ಎದೆ, ಬೆನ್ನಿನ ಮೇಲೆ ತುರಿಕೆಯ ಸಣ್ಣ ಗುಳ್ಳೆಗಳಿದ್ದರೆ ವೈದ್ಯರಿಗೆ ತೋರಿಸಿ. ಬೆವರಿನ ಕಾಲದಲ್ಲಿ ಬರುವ ಒಂದು ಬಗೆಯ ಫಂಗಸ್ ಗುಳ್ಳೆ ಮೊಡವೆಯಂತೆಯೇ ಕಾಣುತ್ತದೆ, ಆ್ಯಂಟಿಬಯೋಟಿಕ್ ಕೊಟ್ಟರೆ ಅದು ಹೆಚ್ಚಾಗುತ್ತದೆ.

ಆಷಾಢ ಕಳೆಯುವ ಹೊತ್ತಿಗೆ ಎಷ್ಟು ಸುಧಾರಿಸೀತು? ಈಗ ಶುರು ಮಾಡಿದರೆ ಮೊದಲ ತಿಂಗಳು ಟ್ಯೂಬ್ ಬಿಡಿಸುವುದರಲ್ಲೇ ಹೋಗುತ್ತದೆ, ಆಗ ಕನ್ನಡಿ ನೋಡಿ ಬೇಜಾರಾಗುತ್ತದೆ. ಎರಡು-ಮೂರನೇ ತಿಂಗಳಲ್ಲಿ ಹೊಸ ಗುಳ್ಳೆ ಕಡಿಮೆಯಾಗುತ್ತವೆ. ಕಲೆ ಪೂರ್ತಿ ಹೋಗಲು ದೀಪಾವಳಿ ದಾಟಬಹುದು. ಬೇಗ ಆಗಲಿ ಅಂತ ಈ ಬೇಸಿಗೆಯಲ್ಲಿ ಕೆಮಿಕಲ್ ಪೀಲ್ (ಮೇಲ್ಪದರ ಸುಲಿಸುವ ಚಿಕಿತ್ಸೆ), ಲೇಸರ್ ಮಾಡಿಸಲು ಹೋಗಬೇಡಿ. ದಿನವಿಡೀ ಬಿಸಿಲಿನಲ್ಲಿರುವವರಿಗೆ ಅದರಿಂದಲೇ ಹೊಸ ಕಲೆ ಬೀಳುವ ಸಂಭವ ಹೆಚ್ಚು. ಮಳೆಗಾಲ ಕಳೆದ ಮೇಲೆ, ಮೊಡವೆ ನಿಂತ ಮೇಲೆ ಆ ಮಾತು.

ವೈದ್ಯರ ಬಳಿ ಹೋಗುವಾಗ ಹಳೆಯ ಚೀಟಿ, ಆ ಟ್ಯೂಬು, ಸನ್‌ಸ್ಕ್ರೀನ್ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಮುಖಕ್ಕೆ ಅಂದು ಏನೂ ಹಚ್ಚಿರಬೇಡಿ. ಕೂತ ಕೂಡಲೇ ಎರಡು ವಿಷಯ ಹೇಳಿ: ದಿನಕ್ಕೆ ಎಷ್ಟು ಗಂಟೆ ಬೈಕಿನ ಮೇಲಿರುತ್ತೀರಿ, ಆ ಟ್ಯೂಬನ್ನು ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ. ಬೈತಾರೆ ಅಂತ ಎರಡನೆಯದನ್ನು ಮುಚ್ಚಿಡಬೇಡಿ.